ಸಿಂಪರಣೆಯ ದ್ರಾವಣಕ್ಕೆ ನೀರಿನ ಲೆಕ್ಕ

ಸಾರಜನಕದ ಕೊರತೆಯಿಂದ ಪೈರು ಹಳದಿಗೆ ತಿರುಗಿದಾಗ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸುವ ಪದ್ಧತಿಯುಂಟು. ಅನೇಕ ಬೆಳೆಗಳಿಗೆ ಹೇಳುವ ಪ್ರಮಾಣವು ಶೇಕಡಾ 2. ನೀರು ಕಡಮೆಯಾದರೆ ಎಲೆಗಳು ಸುಟ್ಟಂತಾಗುವುವು. ಹೆಚ್ಚಾದರೆ ಗೊಬ್ಬರದ ಗುಣವು ಸಾಲದೆ ಕೂಲಿಯೂ ವ್ಯರ್ಥವಾಗುವುದು. ಆದುದರಿಂದ ಊರಿನ ಮುಖಂಡರೂ ಭೂಮಾಲೀಕರೂ ಈ ಲೆಕ್ಕವನ್ನು ತಾವು ತಿಳಿದು ನೆರೆಯ ರೈತರಿಗೂ ತಿಳಿಸುವುದು ಯುಕ್ತ.

ತೂಕದಲ್ಲಿ ಶೇಕಡಾ 2 ಎಂದರೆ 100 ಕಿಲೋ ದ್ರಾವಣದಲ್ಲಿ 2 ಕಿಲೋ ಯೂರಿಯಾ, 98 ಕಿಲೋ ನೀರು ಇರುವುದೆಂದರ್ಥ. ಬೇಕಾದ ನೀರನ್ನು ತಿಳಿಯಲು ಯೂರಿಯಾದ ತೂಕವನ್ನು 100ರಿಂದ ಗುಣಿಸಿ, ಶೇಕಡಾ ಅಂಕಿಯಿಂದ ಭಾಗಿಸಬೇಕು. ಬಂದದ್ದು ಇಡೀ ದ್ರಾವಣದ ತೂಕ. ಅದರಲ್ಲಿ ಯೂರಿಯಾದ ತೂಕವನ್ನು ಕಳೆದರೆ ಉಳಿಯುವುದು ನೀರಿನ ತೂಕ. ಒಂದು ಲೀಟರು ನೀರು ಸುಮಾರು ಒಂದು ಕಿಲೋ ತೂಗುವುದರಿಂದ, ಎಷ್ಟು ಕಿಲೋವೋ ಅಷ್ಟೇ ಲೀಟರು ಎಂದು ತಿಳಿಯಬಹುದು.

ಉದಾಹರಣೆಗೆ, ಮನೆಯಲ್ಲಿ 3 ಕಿಲೋ ಯೂರಿಯಾ ಇದೆಯೆನ್ನೋಣ. 3ನ್ನು 100ರಿಂದ ಗುಣಿಸಿದರೆ 300. ಅದನ್ನು 2ರಿಂದ ಭಾಗಿಸಿದರೆ 150. ಇದರಲ್ಲಿ 3ನ್ನು ಕಳೆಯಲು 147 ಉಳಿಯುವುದು. ಬೇಕಾದ ನೀರು 147 ಲೀಟರು.

ಶೇಕಡಾ 2 ಎಂಬುದನ್ನು ಡಬ್ಬಿಗೆ 2 ಕಿಲೋ ಎಂದು ಭಾವಿಸಿ 15 ಲೀಟರು ನೀರಿಗೆ ಬೆರೆಸಿದರೆ ದ್ರಾವಣವು ಶೇಕಡಾ 12ರ ಹತ್ತಿರಕ್ಕೆ ಏರಿ ಬೆಳೆಗೆ ಹಾನಿಯಾಗುವುದು. ಅಷ್ಟು ನೀರಿಗೆ ಸುಮಾರು 306 ಗ್ರಾಂ ಸಾಕು. ಕೈಯಂದಾಜನ್ನು ಬಿಟ್ಟು ತಕ್ಕಡಿಯನ್ನೂ ಅಳತೆಯ ಪಾತ್ರೆಯನ್ನೂ ಉಪಯೋಗಿಸಿದಲ್ಲಿ ಪೈರೂ ಹಣವೂ ಉಳಿಯುವುವು.