ದಿನನಿತ್ಯದ ಕೆಲಸಗಳ ಪರೀಕ್ಷೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಪಾರ್ಶ್ವವಾಯು, ಅಪಘಾತ ಅಥವಾ ವೃದ್ಧಾಪ್ಯದಿಂದ ಬಲ ಕಳೆದುಕೊಂಡವರು ತಮ್ಮ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಸಹಾಯ ಮಾಡುವುದು ಆಕ್ಯುಪೇಷನಲ್ ಥೆರಪಿಯ ಉದ್ದೇಶ. ಇದರ ಮೊದಲ ಹೆಜ್ಜೆ ದಿನನಿತ್ಯದ ಕೆಲಸಗಳ ಪರೀಕ್ಷೆ.

ಈ ಕೆಲಸಗಳಲ್ಲಿ ಎರಡು ವಿಧ. ಊಟ, ಸ್ನಾನ, ಶೌಚ, ಬಟ್ಟೆ ಧರಿಸುವುದು, ಹಾಸಿಗೆಯಿಂದ ಏಳುವುದು ಮೊದಲನೆಯದು. ಅಡುಗೆ, ಹಣದ ಲೆಕ್ಕ, ಫೋನ್ ಬಳಕೆ, ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುವುದು, ಬಸ್ಸಿನಲ್ಲಿ ಹೋಗಿ ಬರುವುದು ಎರಡನೆಯದು.

ಮೊದಲನೆಯ ವಿಧಕ್ಕೆ 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ 10 ವಿಷಯಗಳಿಗೆ ಒಟ್ಟು 100 ಅಂಕಗಳು. ಸ್ನಾನಕ್ಕೆ 5, ಊಟಕ್ಕೆ 10, ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ 15. ಊರುಗೋಲು ಹಿಡಿದು ನಡೆದರೂ ಸ್ವತಂತ್ರರೆಂದೇ ಲೆಕ್ಕ. ಆದರೆ ಬೀಳದಂತೆ ನೋಡಿಕೊಳ್ಳಲು ಒಬ್ಬರು ಪಕ್ಕದಲ್ಲಿ ನಿಲ್ಲಬೇಕಾದರೆ ಪೂರ್ಣ ಅಂಕವಿಲ್ಲ. 100 ಅಂಕ ಪಡೆದವರು ಒಂಟಿಯಾಗಿ ಬದುಕಬಲ್ಲರೆಂದೂ ಹೇಳಲಾಗದು. ಅಡುಗೆ, ಔಷಧಿ, ಹಣದ ವ್ಯವಹಾರ ಇದರಲ್ಲಿ ಸೇರಿಲ್ಲ.

ಇಲ್ಲಿ ಗಮನಿಸಬೇಕಾದುದೊಂದಿದೆ. ಈ ಸೂಚ್ಯಂಕದಲ್ಲಿ ದಾಖಲಾಗುವುದು ವ್ಯಕ್ತಿ ನಿಜವಾಗಿ ಮಾಡುವ ಕೆಲಸವೇ ಹೊರತು ಮಾಡಬಲ್ಲ ಕೆಲಸವಲ್ಲ. ನಾವು ಪ್ರೀತಿಯಿಂದ ಗಂಜಿ ಉಣ್ಣಿಸಿ, ಅಂಗಿ ತೊಡಿಸಿ, ಮುಖ ತೊಳೆಸುತ್ತಿದ್ದರೆ, ಕೈಯಲ್ಲಿ ಬಲವಿದ್ದರೂ ಅಂಕ ಕಡಿಮೆಯೇ. ಬಳಸದ ಕೈ ಮತ್ತಷ್ಟು ದುರ್ಬಲವಾಗುತ್ತದೆ, 'ನನ್ನಿಂದಾಗದು' ಎಂಬ ಭಾವನೆಯೂ ಬೇರೂರುತ್ತದೆ. ಆದುದರಿಂದ ಚಿಕಿತ್ಸಕರು ಮನೆಯವರನ್ನು ವಿಚಾರಿಸುವುದರ ಜೊತೆಗೆ, ಕೆಲಸವನ್ನು ಮಾಡಿಸಿಯೂ ನೋಡುತ್ತಾರೆ. ಎಲ್ಲಿ ತಡೆಯಾಯಿತು ಎಂಬುದು ಆಗ ತಿಳಿಯುತ್ತದೆ. ಅಂಗಿ ಹಾಕಲು ಕಷ್ಟವಾದರೆ, ಬಲಹೀನ ಕೈಯನ್ನು ಮೊದಲು ತೋಳಿಗೆ ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಲು ಕಲಿಸಬಹುದು.

ನಮ್ಮ ಮನೆಗಳ ರೀತಿಯನ್ನೂ ಅವರಿಗೆ ತಿಳಿಸಬೇಕು. ನೆಲದಲ್ಲಿ ಕುಳಿತು ಊಟವೇ? ಕುಕ್ಕರುಗಾಲಿನ ಶೌಚಾಲಯವೇ? ಬಚ್ಚಲಿಗೆ ಮೆಟ್ಟಿಲಿದೆಯೇ? ಆಸ್ಪತ್ರೆಯ ಕೋಣೆಯಲ್ಲಿ ಸುಲಭವಾದುದು ಮನೆಯಲ್ಲಿ ಸುಲಭವಾಗಬೇಕೆಂದಿಲ್ಲ.

ಪರೀಕ್ಷೆಗೆ ಹೋಗುವ ಮೊದಲು ಎರಡು ದಿನ ಗಮನಿಸಿ, ಯಾವ ಕೆಲಸಕ್ಕೆ ಎಷ್ಟು ಸಹಾಯ ಬೇಕಾಯಿತೆಂದು ಬರೆದಿಡೋಣ. ಬಿದ್ದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಸಂಕೋಚದಿಂದ ಮುಚ್ಚಿಡುವುದು ಬೇಡ. ರೋಗಿಗೆ ಕೇಳಿದ ಪ್ರಶ್ನೆಗೆ ರೋಗಿಯೇ ಉತ್ತರಿಸಲಿ. ಅವರಿಗೆ ಯಾವ ಕೆಲಸ ಮುಖ್ಯವೋ ಅದನ್ನೂ ಅವರೇ ಹೇಳಲಿ. ಒಬ್ಬರಿಗೆ ಭಾನುವಾರ ಇಗರ್ಜಿಯ ಮೆಟ್ಟಿಲು ಹತ್ತುವ ಆಸೆ, ಇನ್ನೊಬ್ಬರಿಗೆ ಮೀನಿನ ಮುಳ್ಳನ್ನು ತಾವೇ ಬಿಡಿಸಿ ಉಣ್ಣುವ ಆಸೆ. ಚಿಕಿತ್ಸೆಯ ಗುರಿಯನ್ನು ಇಂತಹ ಮಾತಿನಿಂದಲೇ ನಿರ್ಧರಿಸಲಾಗುತ್ತದೆ.

ಅನಾರೋಗ್ಯ ಪೀಡಿತರ ಮನೆಗಳಿಗೆ ಭೇಟಿ ನೀಡುವ ನಮ್ಮ ಕಾರ್ಯಕರ್ತರು ಈ ವಿಷಯವನ್ನು ಮನೆಯವರಿಗೆ ವಿವರಿಸಿದರೆ ದೊಡ್ಡ ಉಪಕಾರವಾಗುತ್ತದೆ. ಬಟನ್ ಹಾಕಲು ಹತ್ತು ನಿಮಿಷ ಹಿಡಿದರೂ ಕಾಯುವ ತಾಳ್ಮೆ ನಮಗಿರಲಿ.