ಮನೆಯ ಕನ್ನಡ, ಮೇಜಿನ ತಮಿಳು: ಕಂಬಂ ಕಣಿವೆಯ ಕಾದಂಬರಿಕಾರನ ಓದು ಮತ್ತು ಬರಹ

ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆಯ ಮಾತು ತಮಿಳು. ಆದರೆ ದಿಂಡಿಗಲ್ಲಿನಿಂದ ತೇನಿ, ಬೋಡಿನಾಯಕ್ಕನೂರು, ಕಂಬಂವರೆಗಿನ ಸೀಮೆಯಲ್ಲಿ ಕಪ್ಪಿಲಿಯರು, ಅನುಪ್ಪರು ಮೊದಲಾದ ಒಕ್ಕಲು ಸಮುದಾಯಗಳ ಮನೆಮಾತು ಕನ್ನಡ. ಇದು ಲಿಪಿಯ ಹಂಗಿಲ್ಲದೆ ಬಾಯಿಂದ ಬಾಯಿಗೆ ಉಳಿದುಬಂದ ಕನ್ನಡ; ಶಾಲೆ, ಪತ್ರಿಕೆ, ಗ್ರಂಥಾಲಯ ಇವೆಲ್ಲ ತಮಿಳಿನವು. ಇಂಥ ಮನೆಯಿಂದ ಬಂದ ಕಾದಂಬರಿಕಾರ ಯಾವ ಭಾಷೆಯಲ್ಲಿ ಕೇಳುತ್ತಾನೆ, ಯಾವುದರಲ್ಲಿ ಓದುತ್ತಾನೆ, ಬರೆಯಲು ಕುಳಿತಾಗ ಏನನ್ನು ಬಿಟ್ಟುಕೊಡುತ್ತಾನೆ ಎಂಬುದು ಅಲ್ಪಸಂಖ್ಯಾತ ಭಾಷಾಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ತಮಿಳು ಕಾದಂಬರಿಕಾರ ಸು. ವೇಣುಗೋಪಾಲ್ ಅವರದು ಇದಕ್ಕೆ ತಕ್ಕ ನಿದರ್ಶನ. ಬೋಡಿನಾಯಕ್ಕನೂರಿನ ಬಳಿಯ ಅಮ್ಮಾಪಟ್ಟಿಯಲ್ಲಿ 1967ರಲ್ಲಿ ಹುಟ್ಟಿದ ಅವರ ಮನೆಮಾತು ಕನ್ನಡ, ಕುಲಕಸುಬು ಬೇಸಾಯ, ವೃತ್ತಿ ಕಾಲೇಜಿನಲ್ಲಿ ತಮಿಳು ಬೋಧನೆ. ‘ನುಣ್‌ವೆಳಿ ಕಿರಣಂಗಳ್’ ಅವರ ಮೊದಲ ಕಾದಂಬರಿ. ಬೇಸಾಯದ ಮನೆಯಿಂದ ನಗರಕ್ಕೆ ಹೋದವನನ್ನು ನೆಲ ಬಿಡದೆ ಸೆಳೆಯುವ ಕಥೆ ‘ನಿಲಂ ಎನುಂ ನಲ್ಲಾಳ್’. ಈ ಶೀರ್ಷಿಕೆಯೇ ಅವರ ಓದಿನ ಕುರುಹು. ನೆಲವೆಂಬ ಸಾಧ್ವಿ ಎಂಬರ್ಥದ ಆ ಮಾತು ‘ತಿರುಕ್ಕುರಳ್’ನ ಉಳುಮೆಯ ಅಧಿಕಾರದ್ದು. ಹೊಲದ ಅನುಭವ ಕನ್ನಡ ಮಾತಾಡುವ ಮನೆಯಿಂದ ಬಂದಿದೆ. ಅದಕ್ಕೆ ಹೆಸರು ಕೊಟ್ಟದ್ದು ತಮಿಳಿನ ಓದು. ಅಧ್ಯಾಪಕನಿಗೆ ಓದು ಬಿಡುವಿನ ಹವ್ಯಾಸವಲ್ಲ, ದಿನದ ಕಸುಬು. ಹಿಂದಿನ ತಮಿಳು ಕಥೆಗಾರರನ್ನು ಒಬ್ಬೊಬ್ಬರನ್ನಾಗಿ ಓದಿ ವಿಮರ್ಶಿಸಿದ ಅವರ ಬರಹಗಳಲ್ಲಿ ಆ ಕಸುಬಿನ ಶಿಸ್ತು ಎದ್ದುಕಾಣುತ್ತದೆ. ಅವರ ಸಾಹಿತ್ಯಪರಂಪರೆ ತಮಿಳಿನದೇ. ಇಂಥವರನ್ನು ‘ಕನ್ನಡ ಕಳೆದುಕೊಂಡ ಲೇಖಕ’ರೆಂದು ಮರುಗುವುದು ಸುಲಭ, ಆದರೆ ಸರಿಯಲ್ಲ, ಓದಲು ಸಿಕ್ಕದ ಭಾಷೆಯಲ್ಲಿ ಯಾರೂ ಕಾದಂಬರಿಕಾರರಾಗುವುದಿಲ್ಲ.

ಬರೆಯುವಾಗಿನ ತೊಡಕು ಎಂಥದೆಂಬುದಕ್ಕೆ ಒಂದು ಪದ ಸಾಕು. ಕಂಬಂನಲ್ಲಿ ಕಪ್ಪಿಲಿಯರು ದೇವರಿಗೆ ಮೀಸಲಿಟ್ಟ ದನಗಳ ಹಿಂಡೊಂದನ್ನು ಸಾಕಿಕೊಂಡು ಬಂದಿದ್ದಾರೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಜಾತಿ–ಬುಡಕಟ್ಟುಗಳ ಸಂಪುಟದಲ್ಲಿ ಇದರ ವಿವರವಿದೆ: ಹಿಂಡಿನ ಹೆಸರು ‘ದೇವರು ಆವು’, ಪಟ್ಟದ ಹೋರಿ ಸತ್ತಾಗ ಹಿಂಡಿನ ಮುಂದೆ ಕಬ್ಬಿಟ್ಟು, ಅದಕ್ಕೆ ಮೊದಲು ಬಾಯಿಹಾಕಿದ ಹೋರಿಗೆ ಪಟ್ಟ ಕಟ್ಟುತ್ತಾರೆ. ಕರ್ನಾಟಕದ ಇಂದಿನ ಆಡುಮಾತಿನಲ್ಲಿ ಅಪರೂಪವಾಗಿ, ಹೆಚ್ಚಾಗಿ ಹಳೆಯ ಕಾವ್ಯಗಳಲ್ಲೇ ಎದುರಾಗುವ ‘ಆವು’ ಇಲ್ಲಿ ಕೊಟ್ಟಿಗೆಯ ಮಾತಾಗಿತ್ತು. ತಮಿಳಿನಲ್ಲಿ ಇವು ‘ತಂಬಿರಾನ್ ಮಾಡು’. ಈ ಹಿಂಡನ್ನು ಕಥೆಗೆ ತರುವ ಲೇಖಕ ಎರಡರಲ್ಲೊಂದನ್ನು ಆರಿಸಬೇಕು. ಮನೆಯ ಪದ ಬಳಸಿದರೆ ತಮಿಳು ಓದುಗನಿಗೆ ಅರ್ಥ ಹೇಳಬೇಕು. ತಮಿಳಿನ ಪದ ಬಳಸಿದರೆ ಮನೆಯ ದನಿ ಅಡಗುತ್ತದೆ. ಸಂಭಾಷಣೆಯಲ್ಲಿ ಈ ಆಯ್ಕೆ ಸಾಲುಸಾಲಿಗೂ ಎದುರಾಗುತ್ತದೆ. ಅಜ್ಜಿ ಮೊಮ್ಮಗನನ್ನು ಕನ್ನಡದಲ್ಲಿ ಬೈದಿರುತ್ತಾಳೆ, ಪುಟದ ಮೇಲೆ ತಮಿಳಿನಲ್ಲಿ ಬೈಯುತ್ತಾಳೆ.

ಕೋವಿಲ್‌ಪಟ್ಟಿಯ ಬಳಿಯ ಇಡೈಸೆವಲ್ ಗ್ರಾಮದ ಕಿ. ರಾಜನಾರಾಯಣನ್ ಇದೇ ತೊಡಕನ್ನು ತೆಲುಗು ಮನೆಯೊಳಗಿನಿಂದ ಎದುರಿಸಿದವರು. ಅವರ ಶಾಲೆಯ ಓದು ಎಂಟನೆಯ ತರಗತಿಯನ್ನು ದಾಟಲಿಲ್ಲ. ಬೇಸಾಯ ಮಾಡಿಕೊಂಡು, ರೈತ ಚಳವಳಿಯಲ್ಲಿ ತೊಡಗಿಕೊಂಡು, ಊರಿನ ಗೆಳೆಯ ಕು. ಅಳಗಿರಿಸಾಮಿಯೊಡನೆ ಪುಸ್ತಕ ಮತ್ತು ಸಂಗೀತದ ಮಾತಿನಲ್ಲಿ ಬೆಳೆದ ಅವರು ಕಥೆ ಪ್ರಕಟಿಸಿದ್ದು 1958ರಲ್ಲಿ, ಮೂವತ್ತರ ನಡುವಯಸ್ಸಿನಲ್ಲಿ. ಅಲ್ಲಿಯವರೆಗಿನ ಅವರ ಸಿದ್ಧತೆಯಲ್ಲಿ ಓದಿನಷ್ಟೇ ಪಾಲು ಕೇಳುವಿಕೆಗಿತ್ತು. 1976ರ ‘ಗೋಪಲ್ಲ ಗ್ರಾಮಂ’ ತೆಲುಗು ಕುಲಗಳ ದಕ್ಷಿಣದ ವಲಸೆಯ ಕಥೆ. ಅದನ್ನು ಅವರು ಹೇಳಿಸಿದ್ದು ಮುದುಕಿಯೊಬ್ಬಳ ಬಾಯಿಂದ. ತುಂಗಭದ್ರೆಯ ದಡದಿಂದ ತೊಟ್ಟಿಯರ ಜೊತೆ ಬಂದೆವೆಂಬ ಕಪ್ಪಿಲಿಯರ ಐತಿಹ್ಯಕ್ಕೂ ಇದಕ್ಕೂ ಹತ್ತಿರದ ನಂಟಿದೆ. ರಾಜನಾರಾಯಣನ್ ಕಾದಂಬರಿಗಷ್ಟೇ ನಿಲ್ಲದೆ, 1982ರಲ್ಲಿ ಕರಿಸಲ್ ಸೀಮೆಯ ಆಡುಮಾತಿನ ನಿಘಂಟನ್ನೂ ಹೊರತಂದರು. ಕಥೆಗಾಗಿ ಕೂಡಿಟ್ಟ ಮಾತು ಕೋಶವಾಯಿತು. ವಿಶ್ವವಿದ್ಯಾಲಯಗಳು ಮಾಡಬೇಕಿದ್ದ ಕೆಲಸವನ್ನು ಒಬ್ಬ ಒಕ್ಕಲಿಗ ಮಾಡಿದ ಎಂಬುದನ್ನು ಮುಜುಗರವಿಲ್ಲದೆ ಒಪ್ಪಿಕೊಳ್ಳಬೇಕು.

ಕರ್ನಾಟಕದಲ್ಲಿ ಇದರ ತಿರುವುಮುರುವು ಮಾಸ್ತಿ ವೆಂಕಟೇಶ ಅಯ್ಯಂಗಾರರು: ಮನೆಯಲ್ಲಿ ತಮಿಳು, ಬರಹದಲ್ಲಿ ಕನ್ನಡ, ಮೈಸೂರು ಸರ್ಕಾರದ ಕಚೇರಿಯಲ್ಲಿ ಇಂಗ್ಲಿಷು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಮಾಸ್ತಿಯವರ ಮನೆಮಾತಿಗೆ ಬೇರೊಂದು ಕಡೆ ಮುದ್ರಣವಿತ್ತು, ಓದುಗರಿದ್ದರು. ಅವರು ಬರೆಯದಿದ್ದರೆ ತಮಿಳಿಗೆ ನಷ್ಟವಿರಲಿಲ್ಲ. ಕಣಿವೆಯ ಕನ್ನಡದ ಸ್ಥಿತಿ ಹಾಗಲ್ಲ. ಬೆಂಗಳೂರಿನ ಅಚ್ಚಿನ ಕನ್ನಡ ಅದನ್ನು ಪ್ರತಿನಿಧಿಸುವುದಿಲ್ಲ.

ಆದ್ದರಿಂದ ಇಲ್ಲಿಯ ಲೇಖಕರನ್ನು ಸಂದರ್ಶಿಸುವವರು ಯಾವ ಹೊತ್ತಿನಲ್ಲಿ ಬರೆಯುತ್ತೀರಿ, ಯಾರನ್ನು ಓದುತ್ತೀರಿ ಎಂಬ ವಾಡಿಕೆಯ ಪ್ರಶ್ನೆಗಳ ಜೊತೆಗೆ ಕರಡುಗಳನ್ನೂ ಕೇಳಿ ನೋಡಬೇಕು. ಅಚ್ಚಾದ ಪುಟದಲ್ಲಿ ಪದದ ಆಯ್ಕೆ ಮುಗಿದುಹೋಗಿರುತ್ತದೆ. ಮೊದಲು ತಮಿಳು ಲಿಪಿಯಲ್ಲಿ ಕನ್ನಡ ಪದ ಬರೆದು, ಹೊಡೆದುಹಾಕಿ, ಮೇಲೆ ತಮಿಳಿನ ಪದ ಬರೆದಿದ್ದರೆ ಅದು ಕಾಣುವುದು ಕೈಬರಹದಲ್ಲಿ ಮಾತ್ರ. ಕಂಪ್ಯೂಟರಿನಲ್ಲಿ ಬರೆಯುವವರಲ್ಲಿ ಆ ಕುರುಹೂ ಉಳಿಯುವುದಿಲ್ಲ. ಹಳೆಯ ಕರಡುಗಳನ್ನು ಹೆಚ್ಚಿನವರು ರದ್ದಿಗೆ ಹಾಕುತ್ತಾರೆ.