ಐದು ಎಲೆ, ಒಂದು ಕೈ

ಬೀರುವಿನ ಮೇಲರೆಯಲ್ಲಿ ಒಂಬತ್ತು ವರ್ಷದಿಂದ ಮರೆತುಹೋಗಿದ್ದ ಒಂದು ಹವಾನಾ ಸಿಗಾರ್ ಕಳೆದ ತಿಂಗಳು ಕೈಗೆ ಸಿಕ್ಕಿತು. ಹೊರದೇಶದಿಂದ ಬಂದ ಗೆಳೆಯರೊಬ್ಬರು ಕೊಟ್ಟಿದ್ದು. ಸಿಗಾರ್ ಸೇದುವುದನ್ನು ನಾನು ಬಿಟ್ಟೂ ಅಷ್ಟೇ ವರ್ಷವಾಗಿತ್ತು. ಮತ್ತೊಮ್ಮೆ ನೋಡೋಣವೇ ಎಂಬ ಆಸೆ ಈಚೆಗೆ ಆಗಾಗ ಇಣುಕುತ್ತಿತ್ತು. ಆದರೆ ಅದು ಹಪ್ಪಳದಂತೆ ಒಣಗಿ, ಬೆರಳು ತಗುಲಿದರೆ ಸಿಪ್ಪೆ ಉದುರುತ್ತಿತ್ತು. ಎಸೆಯಲು ಮನಸ್ಸಾಗಲಿಲ್ಲ. ಒದ್ದೆ ಬಟ್ಟೆಯ ಜೊತೆ ಡಬ್ಬಿಯೊಂದರಲ್ಲಿ ಎರಡು ದಿನ ಮುಚ್ಚಿಟ್ಟು, ಎಲೆ ಮೆತ್ತಗಾದ ಮೇಲೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಬ್ಲೇಡಿನ ತುದಿಯಿಂದ ಮೆಲ್ಲಗೆ ಬಿಚ್ಚಿದೆ.

ಬಾಯಿಗಿಡುವ ತುದಿಯ ಟೊಪ್ಪಿಗೆ ಮೊದಲು ಎದ್ದಿತು. ಸಣ್ಣ ನಾಣ್ಯದಷ್ಟಗಲದ ಎಲೆಯ ಬಿಲ್ಲೆ ಅದು. ಅಲ್ಲಿಂದ ಹೊರ ಎಲೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತ ರಿಬ್ಬನ್ನಿನ ಹಾಗೆ ಮೇಜಿನ ಮೇಲೆ ಹರಡಿತು. ರೇಷ್ಮೆಯ ನುಣುಪು, ನರ ಎದ್ದು ಕಾಣದಷ್ಟು ತೆಳು. ಅದರಡಿ ಕೊಂಚ ಒರಟಾದ ಇನ್ನೊಂದು ಎಲೆ. ಅದನ್ನೂ ಬಿಡಿಸಿದರೆ ಒಳಗೆ ಸಿಗಾರಿನ ಉದ್ದಕ್ಕೂ ಸೀರೆಯ ನೆರಿಗೆಯಂತೆ ಮಡಿಸಿ ಕೂರಿಸಿದ ಎಲೆಗಳು. ಪುಡಿಯಿಲ್ಲ, ಕಾಗದವಿಲ್ಲ, ದಾರವಿಲ್ಲ. ಟೊಪ್ಪಿಗೆಯಡಿ ಒಂದು ತೊಟ್ಟು ಅಂಟು, ಅಷ್ಟೆ.

ಬಹಳ ವರ್ಷಗಳ ಬಳಿಕ ಸಿಗಾರಿನತ್ತ ಮರಳುವವರು ಮೊದಲು ಕೇಳುವುದು, ‘ಯಾವುದು ಕೊಳ್ಳಲಿ?’ ಎಂದು. ನನಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಂದು ಆ ಮೇಜಿನ ಮೇಲೆ. ಬೆಲೆ, ಹೆಸರು, ಹೊಳೆಯುವ ಪಟ್ಟಿ ಇವೆಲ್ಲ ಆಮೇಲೆ. ಎಲೆಯನ್ನೂ ಅದನ್ನು ಸುತ್ತಿದ ಕೈಯನ್ನೂ ಬಲ್ಲವರಿಗೆ ಆಯ್ಕೆ ಕಷ್ಟವಲ್ಲ.

ಮೂರು ಅಂತಸ್ತಿನ ಗಿಡ

ನಾವು ಚುರುಟು ಎನ್ನುವ ಮಾತು ತಮಿಳಿನ ‘ಸುರುಟ್ಟು’. ಸುತ್ತಿದ್ದು, ಸುರುಳಿಯಾದದ್ದು ಎಂಬರ್ಥ. ಇಂಗ್ಲಿಷರು ಅದನ್ನೇ ಚೆರೂಟ್ ಮಾಡಿಕೊಂಡರು. ತಿರುಚಿನಾಪಳ್ಳಿಯ ಚುರುಟು ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನವರೆಗೂ ಹೆಸರಾಗಿತ್ತು. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ, ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯದು ಎಂದು ಹೋಮ್ಸ್ ಬೂದಿ ನೋಡಿಯೇ ಹೇಳುತ್ತಾನೆ. ಆದರೂ ಸಿಗಾರ್ ಎಂದ ಕೂಡಲೇ ಲೋಕ ನೆನೆಯುವುದು ಕ್ಯೂಬಾವನ್ನು. 1492ರಲ್ಲಿ ಕೊಲಂಬಸ್‌ನ ಜನ ಎಲೆ ಸುತ್ತಿ ಹೊಗೆ ಸೇದುವುದನ್ನು ಮೊದಲು ಕಂಡ ನಾಡುಗಳಲ್ಲಿ ಅದೂ ಒಂದು.

ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ವುಯೆಲ್ತಾ ಅಬಾಹೊ ಎಂಬ ಸೀಮೆಯಿದೆ. ಕೆಮ್ಮಣ್ಣಿನ ನೆಲ. ಮಳೆ ಹಿಂದೆ ಸರಿದ ಮೇಲೆ ಸಸಿಮಡಿಯಿಂದ ತೆಗೆದು ನಾಟಿ ಮಾಡುತ್ತಾರೆ. ಹೊರ ಹೊದಿಕೆಗೆಂದು ಬೆಳೆಯುವ ಗಿಡಗಳ ಮೇಲೆ ಇಡೀ ಹೊಲಕ್ಕೇ ತೆಳು ಬಟ್ಟೆಯ ಚಪ್ಪರ ಕಟ್ಟುತ್ತಾರೆ. ಬಿಸಿಲು ಸೋಸಿ ಬಂದಷ್ಟೂ ಎಲೆ ಅಗಲವಾಗಿ, ತೆಳ್ಳಗೆ, ನುಣುಪಾಗಿ ಬೆಳೆಯುತ್ತದೆ. ಒಳಗೆ ತುಂಬುವ ಎಲೆಯ ಗಿಡ ಬಯಲು ಬಿಸಿಲಲ್ಲೇ ಬೆಳೆಯಬೇಕು.

ಒಂದೇ ಗಿಡದಲ್ಲಿ ಮೂರು ಬಗೆಯ ಎಲೆ. ಬುಡದ್ದು ವೊಲಾದೊ: ಸಪ್ಪೆ, ಆದರೆ ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ: ಪರಿಮಳ ಇದರದು. ತುದಿಯದು ಲಿಹೇರೊ: ಬಿಸಿಲೆಲ್ಲ ಕುಡಿದು ದಪ್ಪಗೆ, ಜಿಡ್ಡುಜಿಡ್ಡಾಗಿ, ಖಾರವಾಗಿರುತ್ತದೆ, ಉರಿಯುವುದು ನಿಧಾನ. ಈ ಮೂರನ್ನು ಯಾವ ಪಾಲಿನಲ್ಲಿ ಸೇರಿಸುತ್ತಾರೆ ಎನ್ನುವುದೇ ಒಂದೊಂದು ಸಿಗಾರಿನ ರುಚಿಯ ಗುಟ್ಟು. ಅಡುಗೆಮನೆಯ ಹುಳಿಪುಡಿಯ ಹಾಗೆ ಸಾಮಾನು ಎಲ್ಲರಿಗೂ ಗೊತ್ತು, ಅಳತೆ ಮಾತ್ರ ಮನೆಮನೆಗೆ ಬೇರೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ವರ್ಜೀನಿಯಾ ಹೊಗೆಸೊಪ್ಪು ಸಿಗರೇಟಿನದು. ಅಲ್ಲಿ ಸೊಪ್ಪನ್ನು ಬ್ಯಾರನ್ನಿಗೆ ಏರಿಸಿ, ಕೊಳವೆಗಳಲ್ಲಿ ಬಿಸಿ ಹಾಯಿಸಿ, ಸುಮಾರು ಒಂದು ವಾರದಲ್ಲಿ ಹೊನ್ನಿನ ಬಣ್ಣಕ್ಕೆ ತರುತ್ತಾರೆ. ಸಿಗಾರಿನ ಎಲೆ ಹೀಗೆ ಬೇಯುವುದಿಲ್ಲ. ಕಂಬಕ್ಕೆ ಪೋಣಿಸಿ ಗಾಳಿಯಾಡುವ ಕೊಟ್ಟಿಗೆಯಲ್ಲಿ ನೇತು ಹಾಕಿದರೆ ಹಸಿರು ಹಳದಿಯಾಗಿ, ಹಳದಿ ಕಂದಾಗಲು ಸುಮಾರು 50 ದಿನ ಬೇಕು. ಆಮೇಲೆ ನೀರು ಚಿಮುಕಿಸಿ ರಾಶಿ ಒಟ್ಟುತ್ತಾರೆ. ಹಸಿ ಹುಲ್ಲಿನ ಬಣವೆ ಒಳಗೊಳಗೇ ಬಿಸಿಯೇರುವುದನ್ನು ರೈತರು ಬಲ್ಲರು. ಇಲ್ಲಿಯೂ ಅದೇ. ಆ ಕಾವಿಗೆ ಎಲೆಯ ಘಾಟು, ಕಹಿ ಇಳಿಯುತ್ತದೆ. ರಾಶಿ ಅತಿಯಾಗಿ ಕಾಯದಂತೆ ಆಗಾಗ ಒಡೆದು ಮತ್ತೆ ಒಟ್ಟಬೇಕು. ಬಳಿಕ ಮೂಟೆ ಕಟ್ಟಿ ಹಣ್ಣಾಗಲು ಬಿಡುತ್ತಾರೆ. ತುದಿಯ ಎಲೆಗೆ ಎಲ್ಲಕ್ಕಿಂತ ಹೆಚ್ಚು ಕಾಲ, ಕೆಲವು ವರ್ಷಗಳೇ ಬೇಕು.

ಹಲಗೆ ಮತ್ತು ಬಾಗಿದ ಅಲಗು

ಸಿಗಾರ್ ಸುತ್ತುವವರನ್ನು ಕ್ಯೂಬಾದಲ್ಲಿ ತೋರ್ಸೆದೋರ್ ಎನ್ನುತ್ತಾರೆ. ಅವರ ಸಾಮಾನು ಕಡಿಮೆ: ಒಂದು ಮರದ ಹಲಗೆ, ಹಿಡಿಯಿಲ್ಲದ ಬಾಗಿದ ಅಲಗು, ದಪ್ಪ ಅಳೆಯುವ ತೂತಿನ ಪಟ್ಟಿ, ರುಚಿಯಿಲ್ಲದ ಗಿಡದ ಅಂಟಿನ ಬಟ್ಟಲು. ಆ ಅಲಗಿಗೆ ಚವೇತಾ ಎಂದು ಹೆಸರು. ಒಳ ಎಲೆಗಳನ್ನು ಅಂಗೈಯಲ್ಲಿ ಒಂದೊಂದಾಗಿ ಮಡಿಸಿ ಕೂರಿಸುತ್ತಾರೆ. ನಿಧಾನ ಉರಿಯುವ ಲಿಹೇರೊ ಸರಿಯಾಗಿ ನಡುವಿಗೆ ಬರಬೇಕು. ಮಡಿಕೆಗಳ ನಡುವೆ ಗಾಳಿಗೆ ದಾರಿಯಿರಬೇಕು. ಬಿಗಿಯಾದರೆ ಎಳೆದರೂ ಹೊಗೆ ಬಾರದು. ಸಡಿಲವಾದರೆ ಕೆಂಡವಾಗಿ ಬಾಯಿ ಸುಡುತ್ತದೆ. ಇದನ್ನು ಹೇಳಿಕೊಡುವ ಯಂತ್ರವಿಲ್ಲ, ಬೆರಳಿಗೇ ಗೊತ್ತಾಗಬೇಕು. ಮೇಲೆ ಕಟ್ಟುವ ಎಲೆ ಸುತ್ತಿ ಮರದ ಅಚ್ಚಿನಲ್ಲಿ ಕೆಲ ಹೊತ್ತು ಒತ್ತಿಡುತ್ತಾರೆ. ಕೊನೆಗೆ ಹೊದಿಕೆಯ ಎಲೆಯನ್ನು ಚವೇತಾದಿಂದ ಪಟ್ಟಿಯಾಗಿ ಕೊಯ್ದು, ಎಳೆದು ಹಿಡಿದು, ಹೊತ್ತಿಸುವ ತುದಿಯಿಂದ ಬಾಯಿಯ ತುದಿಗೆ ಓರೆಯಾಗಿ ಸುತ್ತಿ ಟೊಪ್ಪಿಗೆ ಹಾಕುತ್ತಾರೆ.

ಒಳಗಿನ ತುಂಬುವ ಎಲೆಗೆ ಅವರಿಟ್ಟ ಹೆಸರು ತ್ರಿಪಾ, ಅಂದರೆ ಕರುಳು. ಹೊದಿಕೆಗೆ ಕಾಪಾ, ಅಂದರೆ ನಿಲುವಂಗಿ. ಒಡಲು, ಉಡುಪು ಎಂದು ಕರೆದು ಎಲೆಗೆ ಜೀವ ಕೊಟ್ಟವರ ಮಾತು ಅದು. ಡೊಮಿನಿಕನ್ ಗಣರಾಜ್ಯ, ನಿಕರಾಗುವಾಗಳಲ್ಲಿ ಸಾಮಾನ್ಯವಾಗಿ ಒಬ್ಬರು ಒಳಭಾಗ ಕಟ್ಟಿ ಇನ್ನೊಬ್ಬರು ಹೊದಿಕೆ ಸುತ್ತುತ್ತಾರೆ. ಕ್ಯೂಬಾದಲ್ಲಿ ಮೊದಲಿಂದ ಕೊನೆಯವರೆಗೂ ಒಂದೇ ಕೈ.

ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನೋಡಿದವರಿಗೆ ಈ ಬೆರಳುಗಳ ವೇಗ ಹೊಸದಲ್ಲ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹರಡಿ, ಸುರುಟಿ, ತುದಿ ಮಡಚಿ ದಾರ ಸುತ್ತುವಷ್ಟರಲ್ಲಿ ಕಣ್ಣು ಪಕ್ಕದ ಮಗುವಿನ ಮೇಲಿರುತ್ತದೆ. ಅವರ ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟೆಂದು. ಎರಡೂ ಕಸುಬಿನ ನಡುವೆ ಬೆಲೆಯ ಅಂತರ ಅಜಗಜ. ಕೈಯ ಕಸುವಿನಲ್ಲಿ ಅಂತರವಿಲ್ಲ.

ಕೈ ದುಡಿಯುವಾಗ ಕಿವಿಗೆ ಕಾದಂಬರಿ

ಈ ಕಸುಬಿನ ಅತಿ ದೊಡ್ಡ ಕೊಡುಗೆ ಹೊಗೆಯಲ್ಲಿಲ್ಲ ಎಂದೇ ನಾನು ನಂಬಿದ್ದೇನೆ. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ನೂರಾರು ಜನ ಸಾಲಾಗಿ ಕೂತು ಸುತ್ತುವಾಗ ಒಬ್ಬರು ಗಟ್ಟಿಯಾಗಿ ಓದುವುದು. ಅವರ ದಿನದ ಸಂಪಾದನೆಯನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಈ ಓದಿನ ಬೆನ್ನಿಗೆ ನಿಂತ, ಅದೇ ವರ್ಷ ‘ಲಾ ಅರೋರಾ’ ಎಂಬ ಕಾರ್ಮಿಕರ ಪತ್ರಿಕೆ ಹೊರಡಿಸಿದ ಸತುರ್ನೀನೊ ಮಾರ್ತೀನೆಸ್ ಸ್ವತಃ ಸಿಗಾರ್ ಸುತ್ತುವವರು, ಕವಿ. ಓದು ಬೇಗನೆ ಬೇರೆ ಕಾರ್ಖಾನೆಗಳಿಗೂ ಹಬ್ಬಿತು. ಕೇಳಿಸಿಕೊಂಡವರು ಯೋಚಿಸಲು ಶುರು ಮಾಡುತ್ತಾರೆ ಎಂಬುದು ಸ್ಪೇನಿನ ಆಡಳಿತಕ್ಕೆ ಹೊಳೆಯಲು ತಡವಾಗಲಿಲ್ಲ. 1866ರಲ್ಲೇ ನಿಷೇಧ ಬಂತು. ಓದು ಮಾತ್ರ ಸಾಯಲಿಲ್ಲ.

ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಯಾವ ಕಾದಂಬರಿ ಎಂಬುದನ್ನು ಕೆಲಸಗಾರರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮೆಚ್ಚುಗೆಯಾದರೆ ಚವೇತಾಗಳಿಂದ ಹಲಗೆ ಕುಟ್ಟುತ್ತಿದ್ದರು. ಅದೇ ಅವರ ಚಪ್ಪಾಳೆ. ಅಲೆಕ್ಸಾಂಡರ್ ಡ್ಯೂಮಾನ ಮಾಂಟೆ ಕ್ರಿಸ್ಟೊ ಕಥೆ ಎಷ್ಟು ಹಿಡಿಸಿತೆಂದರೆ, 1935ರಲ್ಲಿ ಹುಟ್ಟಿದ ಸಿಗಾರಿಗೆ ‘ಮೊಂತೆಕ್ರಿಸ್ತೊ’ ಎಂಬ ಹೆಸರು ಅದರಿಂದಲೇ ಬಂತು ಎನ್ನುತ್ತಾರೆ. ವಲಸೆ ಹೋದ ಕ್ಯೂಬನ್ನರ ಜೊತೆ ಈ ಪದ್ಧತಿ ಅಮೆರಿಕದ ಟ್ಯಾಂಪಾ ನಗರಕ್ಕೂ ಹೋಯಿತು. ಅಲ್ಲಿನ ಮಾಲೀಕರು 1931ರಲ್ಲಿ ಓದುವವರನ್ನು ಹೊರಹಾಕಿದಾಗ ಕೆಲಸಗಾರರು ಮುಷ್ಕರ ಹೂಡಿದರು, ಸೋತರು. ಓದುವವರ ಪೀಠದಲ್ಲಿ ರೇಡಿಯೊ ಬಂದು ಕೂತಿತು. ಕ್ಯೂಬಾದಲ್ಲಿ ಓದು ಇಂದಿಗೂ ನಡೆದಿದೆ. 2012ರಲ್ಲಿ ಆ ದೇಶ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ಇದು ನಮಗೆ ಅಷ್ಟೇನೂ ದೂರದ ಕಥೆಯಲ್ಲ. ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆ ದಾರಿಯ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿಯೂ ಒಬ್ಬರು ಪತ್ರಿಕೆ ಓದುತ್ತಿದ್ದರು. ಅವರ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. 1969ರಲ್ಲಿ ಅಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘ ಆ ಓದನ್ನು ಉಳಿಸಿಕೊಂಡಿತು. ಎರಡು ಸಮುದ್ರಗಳಾಚೆ ಇದ್ದ, ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಉಪಾಯ ಕಂಡುಕೊಂಡದ್ದು ನನಗೆ ಸೋಜಿಗವೆನಿಸುತ್ತದೆ.

ಮರಳುವವರ ಆಯ್ಕೆ

ಕ್ರಾಂತಿಯ ಬಳಿಕ, 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಉದ್ಯಮವನ್ನು ತನ್ನದಾಗಿಸಿಕೊಂಡಿತು. 1962ರಲ್ಲಿ ಅಮೆರಿಕ ವ್ಯಾಪಾರಕ್ಕೆ ಬಾಗಿಲು ಹಾಕಿತು. ಕಸುಬು ಬಲ್ಲ ಅನೇಕ ಕುಟುಂಬಗಳು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾಗಳಲ್ಲಿ ನೆಲೆಸಿದವು. ಆದ್ದರಿಂದ ಇಂದು ಒಳ್ಳೆಯ ಸಿಗಾರ್ ಎಂದರೆ ಹವಾನಾ ಒಂದೇ ಅಲ್ಲ.

ಬಹಳ ಕಾಲ ಬಿಟ್ಟವರ ನಾಲಗೆ ಹೊಸಬರ ನಾಲಗೆಯೇ. ಡೊಮಿನಿಕನ್ ಎಲೆಗೆ ನೆರಳಲ್ಲಿ ಬೆಳೆದ ತಿಳಿಬಣ್ಣದ ಕನೆಟಿಕಟ್ ಹೊದಿಕೆ ಹಾಕಿದ್ದು ಸೌಮ್ಯ. ಅಲ್ಲಿಂದ ಶುರು ಮಾಡುವುದು ಮೇಲು. ನಿಕರಾಗುವಾದ ಎಸ್ತೆಲಿ ಸೀಮೆಯದು ಸಾಮಾನ್ಯವಾಗಿ ಮೆಣಸಿನ ಖಾರದ್ದು. ಮೂರನೆಯದೋ ನಾಲ್ಕನೆಯದೋ ಆಗಲಿ. ಕಪ್ಪಗಿದ್ದದ್ದೆಲ್ಲ ಕಟು ಎಂದು ತಿಳಿಯಬೇಡಿ. ಮದೂರೊ ಎಂಬ ಕಡುಗಂದು ಹೊದಿಕೆ ಹೆಚ್ಚು ಕಾಲ ಕಾವು ಕಂಡಿರುವುದರಿಂದ ಎಷ್ಟೋ ಸಲ ಸಿಹಿಯೇ.

ದಪ್ಪವನ್ನು ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 42 ದಪ್ಪದ, ಐದು ಇಂಚಿನ ಪೆಟಿಟ್ ಕರೋನಾ ಅರ್ಧ ಗಂಟೆಗೆ ತುಸು ಹೆಚ್ಚು ಬಾಳುತ್ತದೆ. 50 ದಪ್ಪದ ರೊಬುಸ್ತೊ ಮುಕ್ಕಾಲು ಗಂಟೆ ದಾಟುತ್ತದೆ. 47 ದಪ್ಪದ, ಏಳು ಇಂಚಿನ ಚರ್ಚಿಲ್‌ಗೆ ಒಂದು ಗಂಟೆ ಸಾಲದು. ಮೊದಲ ದಿನಕ್ಕೆ ಪೆಟಿಟ್ ಕರೋನಾ ಸಾಕು, ಅದೂ ಹೊಟ್ಟೆ ತುಂಬ ಊಟವಾದ ಮೇಲೆ. ಖಾಲಿ ಹೊಟ್ಟೆಗೆ ತಲೆ ತಿರುಗುತ್ತದೆ.

ಪೆಟ್ಟಿಗೆ ಕೊಳ್ಳಬೇಡಿ, ಬಿಡಿಯಾಗಿ ಕೊಳ್ಳಿ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಎಲ್ಲ ಕಡೆ ಒಂದೇ ಸಮ ಬಿಗಿಯಿರಬೇಕು. ಗಂಟು ಸಿಕ್ಕರೆ, ಹೊದಿಕೆ ಬಿರಿದಿದ್ದರೆ ಬಿಡಿ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಕೊಹಿಬಾ ಸಿಗಾರ್ ತೋರಿಸಿದರೆ ನಕಲಿಯೆಂದೇ ತಿಳಿಯಿರಿ. ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿ, ತೇವ ಕಾಯುವ ಪೊಟ್ಟಣದ ಜೊತೆ, ಶೇಕಡ 65ರಿಂದ 70ರಷ್ಟು ತೇವಾಂಶದಲ್ಲಿ ಇಡಿ. ಕರಾವಳಿಯ ಮಳೆಗಾಲಕ್ಕೆ ಬೂಸಲು ಹಿಡಿಯುತ್ತದೆ, ಬಯಲುಸೀಮೆಯ ಬೇಸಿಗೆಗೆ ಒಣಗುತ್ತದೆ. ಸೆಕೆ ಹೆಚ್ಚಾದರೆ ಎಲೆಯೊಳಗಿನ ಹುಳುವಿನ ಮೊಟ್ಟೆ ಒಡೆಯುತ್ತದೆ. ಹೊತ್ತಿಸುವಾಗ ಟೊಪ್ಪಿಗೆಯ ತುದಿಯನ್ನಷ್ಟೇ ಕತ್ತರಿಸಿ, ಉರಿಯನ್ನು ಕೊಂಚ ದೂರ ಹಿಡಿದು ತಿರುಗಿಸುತ್ತ ಕಾಯಿಸಿ. ನಿಮಿಷಕ್ಕೊಮ್ಮೆ ಎಳೆದರೆ ಸಾಕು. ಹೊಗೆ ಬಾಯಲ್ಲಿ ಆಡಬೇಕೇ ಹೊರತು ಎದೆಗೆ ಇಳಿಯಬಾರದು.

ಹಾಗೆಂದು ಸಿಗಾರ್ ನಿರಪಾಯ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಈವರೆಗೆ ಮುಟ್ಟದವರು ಮುಟ್ಟಬೇಡಿ. ಬಿಟ್ಟು ನೆಮ್ಮದಿಯಾಗಿರುವವರು ಹಾಗೆಯೇ ಇರಿ. ಮರಳಿಯೇ ತೀರುತ್ತೇನೆ ಎನ್ನುವವರಿಗೆ ನನ್ನದೊಂದು ಕೋರಿಕೆ: ವರ್ಷದಲ್ಲಿ ಒಂದೆರಡು ಒಳ್ಳೆಯ ದಿನಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಮೊದಲ ಸಲ ಎರಡು ಸಿಗಾರ್ ಕೊಳ್ಳಿ. ಒಂದನ್ನು ಹೊತ್ತಿಸುವ ಮೊದಲು ಇನ್ನೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿ ನೋಡಿ.